ಗಂಡಭೇರುಂಡ ಹೊತ್ತ ಒಂಬತ್ತು ತೋಪುಗಳು

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಕೇರಳದ ಕಡೆ ಹೊರಟ ಬಸ್ಸಿನ ಕಂಡಕ್ಟರ್ ‘ಬತ್ತೇರಿ, ಬತ್ತೇರಿ’ ಎಂದು ಕೂಗುವುದನ್ನು ಕೇಳದವರು ಈ ಭಾಗದಲ್ಲಿ ಇರಲಾರರು. ಶುಂಠಿ ಬೆಳೆಯುವವರಿಗೆ, ತರಕಾರಿ ಲಾರಿಯವರಿಗೆ, ಕೂಲಿಗೆ ಹೋಗುವವರಿಗೆ ಅದು ಗಡಿಯಾಚೆಯ ಒಂದು ಪೇಟೆ, ಅಷ್ಟೆ. ಆದರೆ ಊರಿನ ಹೆಸರಾಗುವ ಮೊದಲು ಅದು ತೋಪಿನ ಹೆಸರಾಗಿತ್ತು. ತೋಪುಗಳನ್ನು ಸಾಲಾಗಿ ಹೂಡಿದ ನೆಲೆಗೆ ಇಂಗ್ಲಿಷರು ಬ್ಯಾಟರಿ ಎನ್ನುತ್ತಿದ್ದರು. ವೈನಾಡಿನ ಹಳೆಯ ಜೈನ ಬಸದಿಯೊಂದನ್ನು ಟಿಪ್ಪು ಸುಲ್ತಾನ್ ಮದ್ದುಗುಂಡಿನ ಕೋಠಿ ಮಾಡಿಕೊಂಡಿದ್ದರಿಂದ ಆ ಸ್ಥಳಕ್ಕೆ ‘ಸುಲ್ತಾನನ ಬ್ಯಾಟರಿ’ ಎಂಬ ಹೆಸರು ಬಿತ್ತು. ಜನರ ನಾಲಿಗೆ ಅದನ್ನು ಬತ್ತೇರಿ ಮಾಡಿತು.

ಇದೇ ಹೆಸರಿನ ಇನ್ನೊಂದು ಸ್ಥಳ ಮಂಗಳೂರಿನ ಬೋಳೂರಿನಲ್ಲಿದೆ. ಗುರುಪುರ ನದಿಯೊಳಗೆ ಶತ್ರುವಿನ ಯುದ್ಧನೌಕೆಗಳು ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರವದು. ಗೋಡೆಯ ಕಿಂಡಿಗಳಲ್ಲಿ ತೋಪು ಹೂಡುವ ವ್ಯವಸ್ಥೆ ಇತ್ತು. ಹೀಗೆ ಮೈಸೂರಿಗೆ ಎರಡು ಬತ್ತೇರಿಗಳು: ಒಂದು ಬೆಟ್ಟದ ಮೇಲೆ, ಇನ್ನೊಂದು ನೀರಿನ ಅಂಚಿನಲ್ಲಿ.

ನೆಲದ ಮೇಲಿನ ತೋಪಿನಲ್ಲಿ ಮೈಸೂರು ಯಾರಿಗೂ ಕಡಿಮೆ ಇರಲಿಲ್ಲ. ಸಮುದ್ರದ ತೋಪು ಮಾತ್ರ ಕೈಗೆ ಹತ್ತಲಿಲ್ಲ. ಹೈದರಾಲಿ ಕಷ್ಟಪಟ್ಟು ಕಟ್ಟಿಸಿದ ಹಡಗುಗಳನ್ನು 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಳಿಯೇ ಹಾಳುಮಾಡಿದ. ಟಿಪ್ಪು 1796ರಲ್ಲಿ ನಲವತ್ತು ಯುದ್ಧನೌಕೆಗಳ ದೊಡ್ಡ ಯೋಜನೆಯನ್ನೇ ಹಾಕಿದ. ಅದು ಪೂರ್ತಿಯಾಗುವ ಮೊದಲೇ 1799 ಬಂತು, ಶ್ರೀರಂಗಪಟ್ಟಣ ಬಿತ್ತು.

ಮೈಸೂರಿನ ಹೆಸರು ಹೊತ್ತ ತೋಪುಗಳು ನಿಜಕ್ಕೂ ಸಮುದ್ರಕ್ಕಿಳಿದದ್ದು ಅದಾದ 158 ವರ್ಷಗಳ ಮೇಲೆ. ಅದೂ ಇಂಗ್ಲೆಂಡಿನಲ್ಲಿ ತಯಾರಾದ, ಇಂಗ್ಲಿಷರಿಂದಲೇ ಕೊಂಡ ಹಡಗಿನಲ್ಲಿ. ‘ಐಎನ್‌ಎಸ್ ಮೈಸೂರು’ ಎಂಬ ಆ ಕ್ರೂಸರ್ ನೌಕೆ 1957ರಿಂದ 1985ರವರೆಗೆ, ಇಪ್ಪತ್ತೆಂಟು ವರ್ಷ, ಆರಿಂಚಿನ ಒಂಬತ್ತು ತೋಪುಗಳನ್ನು ಹೊತ್ತು ತಿರುಗಿತು. ಆಗ ಚಾಮರಾಜನಗರವೂ ಗುಂಡ್ಲುಪೇಟೆಯೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಸಮುದ್ರದ ಗಾಳಿಯೂ ಸುಳಿಯದ ಈ ಊರುಗಳಿಗೂ ಆ ಹಡಗಿನ ಹೆಸರಿನಲ್ಲಿ ಪಾಲಿತ್ತು ಎಂದರೆ ತಪ್ಪಾಗಲಾರದು.

ಆ ಒಂಬತ್ತು ತೋಪುಗಳು ಏನಾದವು? ಅದನ್ನು ಹುಡುಕಿಕೊಂಡು ಹೊರಟರೆ ದಾರಿ ಮೊದಲು ಲಂಡನ್ನಿಗೆ ಹೋಗುತ್ತದೆ.

ಲಂಡನ್ನಿನ ಲ್ಯಾಂಬೆತ್ ಬಡಾವಣೆಯಲ್ಲಿ ‘ಇಂಪೀರಿಯಲ್ ವಾರ್ ಮ್ಯೂಸಿಯಂ’ ಇದೆ. ಮೊದಲನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ ಸ್ಥಾಪಿಸಿದ ಸಂಗ್ರಹಾಲಯ. 1936ರಿಂದ ಅದು ಇರುವ ಕಟ್ಟಡ ಹಿಂದೆ ಬೆತ್ಲೆಂ ಎಂಬ ಹುಚ್ಚಾಸ್ಪತ್ರೆಯಾಗಿತ್ತು. ಯುದ್ಧದ ವಸ್ತುಗಳನ್ನು ಇಡಲು ಇದಕ್ಕಿಂತ ತಕ್ಕ ಜಾಗ ಸಿಗುತ್ತಿರಲಿಲ್ಲ ಎಂದು ಅನ್ನಿಸಿದರೆ ಅದು ನೋಡುವವರ ತಪ್ಪಲ್ಲ. ಅದರ ಮುಂದಿನ ತೋಟದಲ್ಲಿ, ಬಾಗಿಲಿಗೆ ಎದುರಾಗಿ, 1968ರಿಂದ ಎರಡು ಭಾರೀ ನೌಕಾ ತೋಪುಗಳು ಜೋಡಿಯಾಗಿ ನಿಂತಿವೆ. ಒಂದೊಂದರ ತೂಕ ನೂರು ಟನ್. ಉದ್ದ 54 ಅಡಿ. ಬಾಯಿಯ ಅಗಲ 15 ಇಂಚು. ಒಂದು ಗುಂಡಿನ ತೂಕ ಸುಮಾರು 880 ಕಿಲೋ, ಅಂದರೆ ಮಾರುತಿ 800 ಕಾರಿಗಿಂತ ಹೆಚ್ಚು.

ಈ ಜೋಡಿಯಲ್ಲಿ ಒಂದು ‘ರಾಮಿಲೀಸ್’ ಎಂಬ ಯುದ್ಧನೌಕೆಯದು. ಇನ್ನೊಂದು ಮೊದಲು ‘ರೆಸಲ್ಯೂಷನ್’ ಎಂಬ ನೌಕೆಯಲ್ಲಿತ್ತು. 1938ರಲ್ಲಿ ಅಲ್ಲಿಂದ ಇಳಿದು, ಆಮೇಲೆ ‘ರಾಬರ್ಟ್ಸ್’ ಎಂಬ ಬೇರೆಯೇ ಹಡಗನ್ನು ಏರಿತು. 1944ರ ಜೂನ್‌ನಲ್ಲಿ ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ ರಾಬರ್ಟ್ಸ್ ದಡದ ಮೇಲೆ ಗುಂಡು ಹಾರಿಸಿತು. ರಾಬರ್ಟ್ಸ್‌ನ ತೋಪು ಸುಮಾರು 29 ಕಿ.ಮೀ. ದೂರ ಹೊಡೆಯಬಲ್ಲದಾಗಿತ್ತು. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅದನ್ನು ಹೂಡಿ ಪೂರ್ವಕ್ಕೆ ತಿರುಗಿಸಿದರೆ ಗುಂಡು ಚಾಮರಾಜನಗರದ ಅಂಚಿನಲ್ಲಿ ಬಿದ್ದೀತು.

ಒಂದು ತೋಪು ಎರಡು ಹಡಗು ಹತ್ತಿದ್ದು ಹೇಗೆ ಎಂಬ ಪ್ರಶ್ನೆ ಓದುಗರಿಗೆ ಬರಬಹುದು. ನೌಕಾ ತೋಪು ಹಡಗಿನ ಮೈಯ ಭಾಗವಲ್ಲ, ಎತ್ತಿನ ಗಾಡಿಗೆ ಚಕ್ರವಿದ್ದಂತೆ. ನಳಿಗೆಯ ಒಳಮೈಯಲ್ಲಿ ಸುರುಳಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುವುದರಿಂದಲೇ ಗಾಳಿಯಲ್ಲಿ ಅಡ್ಡಾದಿಡ್ಡಿ ಹೊರಳದೆ ನೆಟ್ಟಗೆ ಹೋಗುತ್ತದೆ. ಆದರೆ ಪ್ರತಿ ಸಲ ಹಾರಿಸಿದಾಗಲೂ ಬಿಸಿ ಅನಿಲ ಆ ಗೀರುಗಳನ್ನು ಸವೆಸುತ್ತದೆ. ಹದಿನೈದು ಇಂಚಿನ ತೋಪು ಪೂರ್ಣ ಮದ್ದು ತುಂಬಿ ಮುನ್ನೂರು ಚಿಲ್ಲರೆ ಸಲ ಹಾರಿಸುವಷ್ಟರಲ್ಲಿ ಮುದಿಯಾಗುತ್ತದೆ. ಆಗ ನಳಿಗೆಯನ್ನು ಇಳಿಸಿ, ಒಳಪದರ ಬದಲಿಸಿ, ಉಗ್ರಾಣದಲ್ಲಿಟ್ಟು, ಯಾವ ಹಡಗಿಗೆ ಬೇಕೋ ಅದಕ್ಕೆ ಏರಿಸುತ್ತಾರೆ. ಹಡಗು ಮುಳುಗಿದರೂ ಅದರ ಹಳೆಯ ತೋಪು ದಡದಲ್ಲಿ ಉಳಿದಿರಬಹುದು. ಹಡಗು ಗುಜರಿಗೆ ಹೋದರೂ ತೋಪಿಗೆ ಇನ್ನೊಂದು ಜನ್ಮ ಇರಬಹುದು. ಲಂಡನ್ನಿನ ಜೋಡಿ ಉಳಿದದ್ದು ಹಾಗೆ. ಅವನ್ನು ಹೊತ್ತ ಹಡಗುಗಳಲ್ಲಿ ಒಂದೂ ಇಂದು ಇಲ್ಲ.

ನಮ್ಮ ಮೈಸೂರಿನ ತೋಪುಗಳ ವಿಷಯಕ್ಕೆ ಬಂದರೆ, ಅವುಗಳ ಸೋದರರನ್ನು ನೋಡಲು ಲ್ಯಾಂಬೆತ್‌ನಿಂದ ಥೇಮ್ಸ್ ನದಿಗೆ ಹೋಗಬೇಕು. ಅಲ್ಲಿ ಟವರ್ ಸೇತುವೆಯ ಹತ್ತಿರ ‘ಬೆಲ್‌ಫಾಸ್ಟ್’ ಎಂಬ ಕ್ರೂಸರ್ ಲಂಗರು ಹಾಕಿ ನಿಂತಿದೆ. 1938ರಲ್ಲಿ ನೀರಿಗಿಳಿದು, 1943ರ ಡಿಸೆಂಬರ್‌ನಲ್ಲಿ ನಾರ್ತ್ ಕೇಪ್ ಕದನದಲ್ಲಿ, ಮರುವರ್ಷ ನಾರ್ಮಂಡಿಯಲ್ಲಿ, ಆಮೇಲೆ ಕೊರಿಯಾ ಯುದ್ಧದಲ್ಲಿ ಹೋರಾಡಿದ ಈ ಹಡಗನ್ನು ಗುಜರಿಯಿಂದ ಪಾರುಮಾಡಿ 1971ರ ಅಕ್ಟೋಬರ್‌ನಲ್ಲಿ ಜನರಿಗೆ ತೆರೆದರು. 1978ರಿಂದ ಅದು ಅದೇ ಯುದ್ಧ ಸಂಗ್ರಹಾಲಯದ ಒಂದು ಶಾಖೆ. ಬೆಲ್‌ಫಾಸ್ಟ್ ಮತ್ತು ಮೈಸೂರು ಬೇರೆ ಬೇರೆ ವರ್ಗದ ಹಡಗುಗಳು, ಆದರೆ ತೋಪು ಒಂದೇ: ಬ್ರಿಟಿಷ್ ನೌಕಾಪಡೆಯ ಆರಿಂಚು, ಇಪ್ಪತ್ತಮೂರನೆಯ ಮಾದರಿ. ಮೂರು ಮೂರು ನಳಿಗೆಗಳನ್ನು ಒಂದು ತಿರುಗುಗೋಪುರದಲ್ಲಿ ಕೂಡಿಸಿರುತ್ತಾರೆ. ಬೆಲ್‌ಫಾಸ್ಟ್‌ನ ಮುಂದಿನ ಗೋಪುರಗಳನ್ನು ನಗರದ ಉತ್ತರಕ್ಕಿರುವ ಹೆದ್ದಾರಿಯ ಒಂದು ವಿಶ್ರಾಂತಿ ತಾಣದ ಮೇಲೆ ಗುರಿಯಿಟ್ಟು ನಿಲ್ಲಿಸಿದ್ದಾರೆ. ಅಷ್ಟು ದೂರ ಹೊಡೆಯಬಲ್ಲವು ಎಂದು ನೋಡುಗರಿಗೆ ತಿಳಿಯಲಿ ಎಂಬ ಉದ್ದೇಶ.

ಈ ಆರಿಂಚಿನ ತೋಪು ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ನಮ್ಮ ಸೇದುವ ಬಾವಿಯನ್ನು ನೆನೆಯಬೇಕು. ಹಡಗಿನ ಮೇಲೆ ನಮಗೆ ಕಾಣುವ ಉಕ್ಕಿನ ಗೋಪುರ ಬಾವಿಯ ಕಟ್ಟೆ ಮಾತ್ರ. ಅದರ ಕೆಳಗೆ ಹಲವು ಅಂತಸ್ತುಗಳಷ್ಟು ಆಳಕ್ಕೆ ಉಕ್ಕಿನ ಕೊಳವೆ ಇಳಿದಿರುತ್ತದೆ. ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಗುಂಡಿನ ಕೋಣೆ, ಮದ್ದಿನ ಕೋಣೆ. ಶತ್ರುವಿನ ಗುಂಡು ಅಲ್ಲಿಗೆ ತಲಪದಿರಲಿ ಎಂದು ಆ ಆಳ. ಅಲ್ಲಿಂದ ಗುಂಡು ಮತ್ತು ಮದ್ದಿನ ಚೀಲಗಳು ರಾಟೆಯ ಮೇಲೆ ಬಿಂದಿಗೆ ಬಂದಂತೆ ಮೇಲೇರಿ ಬರುತ್ತವೆ. ಒಂದು ಗುಂಡಿನ ತೂಕ 50 ಕಿಲೋ ಚಿಲ್ಲರೆ, ಒಂದು ಮೂಟೆ ಸಿಮೆಂಟ್ ಎನ್ನಿ. ಅದನ್ನು ನಳಿಗೆಗೆ ತಳ್ಳಿ, ಹಿಂದೆ ಮದ್ದಿನ ಚೀಲ ಇಟ್ಟು, ಬಾಗಿಲು ಮುಚ್ಚಿ ಹಾರಿಸಬೇಕು. ಪಳಗಿದ ತಂಡ ನಿಮಿಷಕ್ಕೆ ಆರರಿಂದ ಎಂಟು ಸಲ ಹಾರಿಸುತ್ತಿತ್ತು. ಒಂಬತ್ತು ತೋಪುಗಳೂ ಒಟ್ಟಿಗೆ ನುಡಿದರೆ ನಿಮಿಷಕ್ಕೆ ಮೂರು ಟನ್ ಉಕ್ಕು ಇಪ್ಪತ್ತಮೂರು ಕಿಲೋಮೀಟರ್ ಆಚೆ ಬೀಳಬಹುದಿತ್ತು. ಗುಂಡ್ಲುಪೇಟೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಅದಕ್ಕಿಂತ ಹತ್ತಿರ.

ಮದ್ದಿನ ಚೀಲದ ಬಗ್ಗೆ ಕೊಳ್ಳೇಗಾಲದವರಿಗೆ ಇಷ್ಟವಾಗುವ ಒಂದು ಮಾತು. ಇಂಥ ತೋಪುಗಳ ಮದ್ದನ್ನು ರೇಷ್ಮೆ ಬಟ್ಟೆಯ ಚೀಲದಲ್ಲಿ ಕಟ್ಟುವ ರೂಢಿ ಇತ್ತು. ಅದು ಆಡಂಬರಕ್ಕಲ್ಲ. ಹತ್ತಿಯ ಬಟ್ಟೆ ಉರಿದ ಮೇಲೆ ಕೆಂಡದ ಚೂರು ನಳಿಗೆಯೊಳಗೆ ಉಳಿದರೆ, ಮುಂದಿನ ಚೀಲ ಇಡುವಾಗಲೇ ಸಿಡಿದು ತೋಪಿನವರೇ ಸಾಯುತ್ತಾರೆ. ರೇಷ್ಮೆ ಹಾಗೆ ಕೆಂಡ ಉಳಿಸುವುದಿಲ್ಲ. ಮದುವೆಯ ಸೀರೆಯ ನೂಲಿಗೆ ತೋಪಿನ ಬಾಯಲ್ಲೂ ಕೆಲಸವಿತ್ತು!

ಇನ್ನೊಂದು ಸಂಗತಿ. ಗೋಪುರದೊಳಗೆ ಕುಳಿತವರಿಗೆ ಸಾಮಾನ್ಯವಾಗಿ ಶತ್ರು ಕಾಣುತ್ತಲೇ ಇರಲಿಲ್ಲ. ಗುರಿ ನೋಡುವವರು ಎತ್ತರದಲ್ಲಿ ಬೇರೆ ಕಡೆ ಇರುತ್ತಿದ್ದರು. ದೂರ, ವೇಗ, ಗಾಳಿ ಎಲ್ಲವನ್ನೂ ಲೆಕ್ಕ ಹಾಕುವ ಯಂತ್ರ ಹಡಗಿನ ಹೊಟ್ಟೆಯಲ್ಲಿ. ತೋಪಿನವರು ಸೂಜಿಯ ಮೇಲೆ ಸೂಜಿ ಕೂರಿಸುವುದು, ತುಂಬುವುದು, ಮತ್ತೆ ತುಂಬುವುದು, ಇಷ್ಟೆ. ಸಂಗ್ರಹಾಲಯದಲ್ಲಿ ನಿಂತ ತೋಪಿನ ಮುಂದೆ ಫೋಟೊ ತೆಗೆಸಿಕೊಳ್ಳುವವರಿಗೆ ನಳಿಗೆ ಕಾಣುತ್ತದೆ. ಒಂದು ಗೋಪುರದ ಹಿಂದೆ ದುಡಿದ ಹತ್ತಾರು ಜನ ಕಾಣುವುದಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಏಣಿ ಇಳಿದು ಗುಂಡಿನ ಕೋಣೆಯವರೆಗೂ ಹೋಗಬಹುದಾದ್ದರಿಂದ ಆ ಕೊರತೆ ಸ್ವಲ್ಪ ತುಂಬುತ್ತದೆ.

ಐಎನ್‌ಎಸ್ ಮೈಸೂರು ಹುಟ್ಟಿದಾಗ ಅದರ ಹೆಸರು ‘ನೈಜೀರಿಯಾ’. ಬ್ರಿಟನ್ ತನ್ನ ವಸಾಹತುಗಳ ಹೆಸರನ್ನೇ ಇಟ್ಟು ಕಟ್ಟಿದ ಹಡಗುಗಳ ವರ್ಗವದು: ಕೆನ್ಯಾ, ಜಮೈಕಾ, ಮಾರಿಷಸ್, ಸಿಲೋನ್. 1939ರಲ್ಲಿ ನೀರಿಗಿಳಿದ ನೈಜೀರಿಯಾ ಎರಡನೆಯ ಮಹಾಯುದ್ಧದಲ್ಲಿ ಸಾಕಷ್ಟು ಪೆಟ್ಟು ಕೊಟ್ಟಿತು, ಪೆಟ್ಟು ತಿಂದಿತು. 1942ರ ಆಗಸ್ಟ್ 12ರಂದು, ಮುತ್ತಿಗೆಗೆ ಸಿಕ್ಕ ಮಾಲ್ಟಾ ದ್ವೀಪಕ್ಕೆ ಆಹಾರ ಒಯ್ಯುತ್ತಿದ್ದ ಹಡಗುಗಳ ಕಾವಲಿಗೆ ಹೋದಾಗ ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಬಡಿದು 52 ಮಂದಿ ಸತ್ತರು. ದುರಸ್ತಿಯಾಗಿ ಬಂದ ಮೇಲೆ ಅದನ್ನು ನಮ್ಮ ಕಡೆಗೆ, ಹಿಂದೂ ಮಹಾಸಾಗರಕ್ಕೆ ಕಳಿಸಿದರು. ಜಪಾನೀಯರ ಕೈಲಿದ್ದ ಸುಮಾತ್ರಾದ ಸಬಾಂಗ್ ಬಂದರಿನ ಮೇಲೆ 1944ರ ಜುಲೈನಲ್ಲಿ ಅದು ಗುಂಡು ಹಾರಿಸಿತು.

ಯುದ್ಧ ಮುಗಿಯಿತು, ಸಾಮ್ರಾಜ್ಯ ಕರಗಿತು, ಬ್ರಿಟನ್ನಿಗೆ ಅಷ್ಟೊಂದು ಕ್ರೂಸರ್‌ಗಳು ಬೇಡವಾದವು. 1954ರಲ್ಲಿ ಭಾರತ ಸರ್ಕಾರ ನೈಜೀರಿಯಾವನ್ನು ಮೂರು ಲಕ್ಷ ಪೌಂಡ್‌ಗೆ ಕೊಂಡಿತು. ಬರ್ಕನ್‌ಹೆಡ್‌ನ ಹಡಗುಕಟ್ಟೆಯಲ್ಲಿ ದೊಡ್ಡ ದುರಸ್ತಿ ನಡೆದು, 1957ರ ಆಗಸ್ಟ್ 29ರಂದು ಅದು ‘ಮೈಸೂರು’ ಆಯಿತು. ಮೊದಲಿದ್ದ ಹನ್ನೆರಡು ತೋಪುಗಳಲ್ಲಿ ಒಂದು ಗೋಪುರ ಕಳೆದು ಒಂಬತ್ತು ಉಳಿದಿದ್ದವು. ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನಿಂದ ತೆಗೆದದ್ದು, ಎಂದೂ ಹೆದರದವನು ಎಂಬ ಅರ್ಥದ ಮಾತು. ಅದಕ್ಕೆ ಹತ್ತು ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ಕನ್ನಡ ನಾಡುಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾಗಿತ್ತು. ಮದರಾಸಿಗೆ ಸೇರಿದ್ದ ಕೊಳ್ಳೇಗಾಲ ನಮ್ಮ ಜಿಲ್ಲೆಗೆ ಬಂದದ್ದೂ ಆಗಲೇ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಡಗಿನ ಹೆಸರು ಮೈಸೂರು ಎಂದೇ ಉಳಿಯಿತು.

ಹಡಗಿನ ಮೊದಲ ಕ್ಯಾಪ್ಟನ್ ಸರ್ದಾರಿಲಾಲ್ ಮಥುರಾದಾಸ್ ನಂದಾ. ಈ ಹೆಸರನ್ನು ಓದುಗರು ನೆನಪಿಡಬೇಕು, ಮುಂದೆ ಮತ್ತೆ ಬರುತ್ತದೆ.

ಮೈಸೂರಿನ ತೋಪುಗಳು ನಮ್ಮ ದೇಶಕ್ಕಾಗಿ ಯುದ್ಧದಲ್ಲಿ ನುಡಿದದ್ದು ಬೇರೆಲ್ಲೋ ದೂರದಲ್ಲಲ್ಲ, ಕಾರವಾರದ ಮುಂದಿರುವ ಸಮುದ್ರದಲ್ಲಿ. ಅಲ್ಲಿ ಅಂಜದೀವ ಎಂಬ ಪುಟ್ಟ ದ್ವೀಪವಿದೆ. ಕಾರವಾರಕ್ಕೆ ಹತ್ತಿರ, ಆದರೆ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. ಪೋರ್ಚುಗೀಸರು ಅಲ್ಲಿ 1505ರಲ್ಲೇ ಕೋಟೆ ಕಟ್ಟಿದ್ದರು. 1661ರ ಮದುವೆಯ ಒಪ್ಪಂದದಲ್ಲಿ ಮುಂಬಯಿಯನ್ನು ಬಳುವಳಿಯಾಗಿ ಪಡೆದ ಇಂಗ್ಲಿಷರು, ಅದು ಕೈಗೆ ಸಿಗುವವರೆಗೆ ತಮ್ಮ ಸುಮಾರು ನಾನೂರು ಸೈನಿಕರನ್ನು ಇದೇ ದ್ವೀಪದಲ್ಲಿ ಇಳಿಸಿದ್ದರು. ಎರಡು ಚಿಲ್ಲರೆ ವರ್ಷಗಳಲ್ಲಿ ಹೆಚ್ಚಿನವರು ರೋಗದಿಂದ ಸತ್ತರು. ಹೀಗೆ ನೀರು ಕುಡಿಸಿದ್ದಕ್ಕಿಂತ ಜೀವ ತೆಗೆದದ್ದೇ ಹೆಚ್ಚು ಎನ್ನಬಹುದಾದ ದ್ವೀಪ.

ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದರೂ ಪೋರ್ಚುಗೀಸರು ಗೋವಾ ಬಿಟ್ಟಿರಲಿಲ್ಲ. 1961ರ ನವೆಂಬರ್‌ನಲ್ಲಿ ಅಂಜದೀವದ ಪೋರ್ಚುಗೀಸ್ ಸೈನಿಕರು ಪಕ್ಕದಲ್ಲಿ ಹಾದುಹೋಗುತ್ತಿದ್ದ ‘ಸಾಬರಮತಿ’ ಎಂಬ ಭಾರತೀಯ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ದೆಹಲಿಯ ತಾಳ್ಮೆ ತೀರಿದ್ದಕ್ಕೆ ಇದೂ ಒಂದು ಕಾರಣ. ಡಿಸೆಂಬರ್‌ನಲ್ಲಿ ‘ಆಪರೇಷನ್ ವಿಜಯ್’ ಆರಂಭವಾದಾಗ ಅಂಜದೀವವನ್ನು ವಶಪಡಿಸಿಕೊಳ್ಳುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳ ಪಾಲಿಗೆ ಬಂತು.

ಡಿಸೆಂಬರ್ 18ರಂದು ನೌಕಾಪಡೆಯವರ ಒಂದು ತಂಡ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ನೇತೃತ್ವದಲ್ಲಿ ದೋಣಿಗಳಲ್ಲಿ ದ್ವೀಪಕ್ಕೆ ಹೋಯಿತು. ಇವರು ನೆಲದ ಕಾಳಗಕ್ಕೆಂದೇ ಬೆಳೆದ ಕಾಲಾಳುಗಳಲ್ಲ, ಹಡಗಿನ ನಾವಿಕರು. ಬಂಡೆ, ಪೊದೆ, ಹಳೆಯ ಕಟ್ಟಡಗಳ ಮರೆಯಿಂದ ಪೋರ್ಚುಗೀಸರು ಮೆಷಿನ್‌ಗನ್ ಹಾರಿಸಿದರು. ಏಳು ಮಂದಿ ಸತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು. ಆಮೇಲೆ ಹಡಗುಗಳು ದ್ವೀಪದ ಮೇಲೆ ಜೋರಾಗಿ ಶೆಲ್ ಸುರಿದವು. ಮರುದಿನ, 19ರ ಮಧ್ಯಾಹ್ನದ ಹೊತ್ತಿಗೆ ಅಂಜದೀವ ಭಾರತದ ಕೈ ಸೇರಿತು. ಇಡೀ ಗೋವಾ ಕಾರ್ಯಾಚರಣೆ ಎರಡೇ ದಿನದಲ್ಲಿ ಮುಗಿಯಿತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಎರಡು ದಿನಕ್ಕೆ ಈ ಸಣ್ಣ ಬಂಡೆಯ ಮೇಲೆ ತೆತ್ತ ಬೆಲೆ ಏಳು ಜೀವ. ಅವರ ಸ್ಮಾರಕ ಗೋವಾದ ‘ಗೋಮಂತಕ’ ನೌಕಾನೆಲೆಯಲ್ಲಿದೆ. ಇಪ್ಪತ್ತಮೂರು ಕಿಲೋಮೀಟರ್ ಹೊಡೆಯಬಲ್ಲ ತೋಪು ಬೆನ್ನಿಗಿದ್ದರೂ ದಡ ಹತ್ತುವವನು ಎದೆ ಒಡ್ಡಿಯೇ ಹತ್ತಬೇಕಾಯಿತು.

ಅದೇ ದಿನ ಉತ್ತರದಲ್ಲಿ ದಿಯು ಕೋಟೆಯ ಮೇಲೆ ಗುಂಡು ಹಾರಿಸುತ್ತಿದ್ದದ್ದು ಭಾರತದ ಇನ್ನೊಂದು ಕ್ರೂಸರ್ ‘ಡೆಲ್ಲಿ’. ಅದರ ಹಿಂದಿನ ಹೆಸರು ‘ಅಕಿಲೀಸ್’. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ‘ಗ್ರಾಫ್ ಸ್ಪೀ’ ನೌಕೆಯನ್ನು ಅಟ್ಟಿದ ಮೂರು ಹಡಗುಗಳಲ್ಲಿ ಅದೂ ಒಂದು. ಅದರಲ್ಲಿದ್ದ ನಾವಿಕರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು. 1948ರಲ್ಲಿ ಭಾರತಕ್ಕೆ ಬಂದ ಈ ಹಡಗಿನ ಕಥೆ ನಮ್ಮ ಮೈಸೂರಿನ ಕಥೆಯೊಂದಿಗೆ ಕೊನೆಯಲ್ಲಿ ಹೇಗೆ ಬೇರೆಯಾಯಿತು ಎಂಬುದನ್ನು ಮುಂದೆ ನೋಡೋಣ.

1971 ಬಂದಾಗ ಮೈಸೂರು ಪಶ್ಚಿಮ ನೌಕಾದಳದ ಪತಾಕೆಯ ಹಡಗು. ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರಿಂದಲೇ ದಳವನ್ನು ನಡೆಸುತ್ತಿದ್ದರು. ಆದರೆ ಆ ಯುದ್ಧದ ದೊಡ್ಡ ಹೊಡೆತ ಮೈಸೂರಿನ ತೋಪುಗಳಿಂದ ಬರಲಿಲ್ಲ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ದೋಣಿಗಳು ಕರಾಚಿಯ ಕಡೆ ನುಗ್ಗಿದವು. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಇವು ಒಂದೊಂದೂ ಇನ್ನೂರು ಚಿಲ್ಲರೆ ಟನ್‌ನವು; ಒಂದೊಂದರಲ್ಲಿ ಸುಮಾರು ಮೂವತ್ತು ಜನ, ನಾಲ್ಕು ಕ್ಷಿಪಣಿ. ಪಾಕಿಸ್ತಾನದ ‘ಖೈಬರ್’ ಎಂಬ ಡೆಸ್ಟ್ರಾಯರ್ ಮುಳುಗಿತು, ‘ಮುಹಾಫಿಜ್’ ಎಂಬ ಸುರಂಗ ತೆಗೆಯುವ ಹಡಗು ಮುಳುಗಿತು. ನಾಲ್ಕು ದಿನದ ಮೇಲೆ ಇನ್ನೊಂದು ದೋಣಿ ‘ವಿನಾಶ್’ ಬಂದು ಕರಾಚಿಯ ತೈಲ ಟ್ಯಾಂಕುಗಳಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 4 ಇಂದಿಗೂ ನಮ್ಮ ನೌಕಾಪಡೆಯ ದಿನ.

ಈ ಧೈರ್ಯದ ಯೋಜನೆಯ ಹಿಂದಿದ್ದ ನೌಕಾಪಡೆಯ ಮುಖ್ಯಸ್ಥರು ಅಡ್ಮಿರಲ್ ನಂದಾ. ಹದಿನಾಲ್ಕು ವರ್ಷದ ಹಿಂದೆ ಮೈಸೂರನ್ನು ಇಂಗ್ಲೆಂಡಿನಲ್ಲಿ ವಹಿಸಿಕೊಂಡ ಅದೇ ಕ್ಯಾಪ್ಟನ್. ದೊಡ್ಡ ತೋಪಿನ ಹಡಗನ್ನು ನಡೆಸಿದವರೇ ದೊಡ್ಡ ತೋಪಿನ ಕಾಲ ಮುಗಿಯಿತೆಂದು ತೋರಿಸಿಕೊಟ್ಟರು. ಲೆಕ್ಕ ನೋಡಿ. ಮೈಸೂರಿನ ತೂಕ ಸರಕು ತುಂಬಿದಾಗ ಹತ್ತು ಸಾವಿರ ಟನ್ನಿಗೂ ಮೇಲೆ, ಸಿಬ್ಬಂದಿ ಎಂಟುನೂರರ ಆಸುಪಾಸು, ತೋಪಿನ ಹೊಡೆತ 23 ಕಿ.ಮೀ. ಕ್ಷಿಪಣಿ ದೋಣಿಯ ಹೊಡೆತ 40 ಕಿ.ಮೀ., ಒಂದು ಕ್ಷಿಪಣಿಯ ಮೂತಿಯಲ್ಲಿ ಸುಮಾರು ಐನೂರು ಕಿಲೋ ಸ್ಫೋಟಕ. ಇಂಥದೇ ಕ್ಷಿಪಣಿ 1967ರಲ್ಲಿ ಇಸ್ರೇಲಿನ ‘ಐಲಾತ್’ ನೌಕೆಯನ್ನು ಮುಳುಗಿಸಿದಾಗಲೇ ಜಗತ್ತಿನ ನೌಕಾಪಡೆಗಳು ಎಚ್ಚೆತ್ತಿದ್ದವು.

ಅಲ್ಲಿಂದ ಮುಂದೆ ಮೈಸೂರು ಮುದಿಯಾಯಿತು. ಯುವ ಕೆಡೆಟ್‌ಗಳಿಗೆ ಸಮುದ್ರ ಕಲಿಸುವ ಶಾಲೆಯಾಯಿತು. 1985ರ ಆಗಸ್ಟ್ 20ರಂದು ಪತಾಕೆ ಇಳಿಯಿತು. ಹಡಗನ್ನು ಒಡೆದರು.

ಇದಕ್ಕೆ ಏಳು ವರ್ಷ ಮೊದಲು, 1978ರಲ್ಲಿ, ಡೆಲ್ಲಿ ನಿವೃತ್ತವಾಗಿ ಒಡೆಯುವಾಗ ಭಾರತ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತ್ತು. ಅದರ ಆರಿಂಚಿನ ಒಂದು ತಿರುಗುಗೋಪುರವನ್ನು ಬಿಚ್ಚಿ ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಕೊಟ್ಟಿತು. ಆಕ್ಲೆಂಡಿನ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿ ಅದು ಇಂದಿಗೂ ಇದೆ. ರಿವರ್ ಪ್ಲೇಟ್‌ನಲ್ಲಿ ಹೋರಾಡಿದವರ ಮಕ್ಕಳು ಮೊಮ್ಮಕ್ಕಳು ಹೋಗಿ ಆ ಉಕ್ಕನ್ನು ಮುಟ್ಟಿ ಬರಬಹುದು. ಅದೇ ಗೋಪುರ ಮೂವತ್ತು ವರ್ಷ ಭಾರತದ್ದೂ ಆಗಿತ್ತು ಎಂಬುದು ಬೇರೆ ಮಾತು.

ಇನ್ನೊಬ್ಬರ ನೆನಪಿಗೆ ಬೆಲೆ ಕೊಟ್ಟ ದೇಶ ತನ್ನ ಮೈಸೂರನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂದು ಬರೆಯುತ್ತಿರುವಾಗ ಬೇಸರವಾಗುವುದು ಸಹಜ. ಆದರೆ ನ್ಯಾಯ ಬಿಟ್ಟು ಮಾತಾಡಬಾರದು. ಹಡಗನ್ನು ಹಾಗೆಯೇ ಉಳಿಸುವುದು ಆನೆ ಸಾಕಿದ ಹಾಗೆ. ಉಪ್ಪುನೀರಿನಲ್ಲಿ ನಿಂತ ಉಕ್ಕು ದಿನವೂ ತುಕ್ಕು ಹಿಡಿಯುತ್ತದೆ. ವಿಮಾನವಾಹಕ ನೌಕೆ ‘ವಿಕ್ರಾಂತ್’ ಮುಂಬಯಿಯಲ್ಲಿ 2001ರಿಂದ ಸಂಗ್ರಹಾಲಯವಾಗಿತ್ತು. ನಿಭಾಯಿಸಲಾಗದೆ 2012ರಲ್ಲಿ ಮುಚ್ಚಿದರು, 2014ರಲ್ಲಿ ಒಡೆದರು. ಅದರ ಉಕ್ಕಿನ ಒಂದು ಪಾಲು 2016ರಲ್ಲಿ ಬಂದ ಬಜಾಜ್ ‘ವಿ’ ಮೋಟರ್ ಸೈಕಲ್ಲಿಗೆ ಹೋಯಿತು. ಚಾಮರಾಜನಗರದ ರಸ್ತೆಗಳಲ್ಲೂ ಆ ಬೈಕುಗಳು ಓಡಿವೆ. ಇಡೀ ಹಡಗು ಬೇಡ, ಒಂದು ನಳಿಗೆ ಸಾಕಿತ್ತು ಎಂಬುದಷ್ಟೇ ನನ್ನ ವಾದ. ಏಳು ಟನ್ ತೂಕದ ನಳಿಗೆಯನ್ನು ಲಾರಿಯ ಮೇಲೆ ಮೈಸೂರಿಗೆ ತರಬಹುದಿತ್ತು. ಅರಮನೆಯ ಊರಿನ ಒಂದು ವೃತ್ತದಲ್ಲಿ ಅದಕ್ಕೊಂದು ಕಟ್ಟೆ, ಒಂದು ಫಲಕ. ಅಂಜದೀವದ ಏಳು ಹೆಸರುಗಳನ್ನು ಬರೆಯಲು ಜಾಗ. ನೂರು ಟನ್ನಿನ ತೋಪುಗಳನ್ನು ಲಂಡನ್ನಿನ ನಡುವೆ ತಂದು ನಿಲ್ಲಿಸಿದವರಿಗೆ ಹೋಲಿಸಿದರೆ ಇದು ಎಷ್ಟರ ಕೆಲಸ?

ಕರ್ನಾಟಕದಲ್ಲಿ ನೌಕಾಪಡೆಯ ಹಡಗು ಸಂಗ್ರಹಾಲಯವಾಗಿ ಉಳಿದದ್ದು ಕಾರವಾರದಲ್ಲಿ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಮರಳಿನ ಪಕ್ಕದಲ್ಲೇ, ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೇರಿಸಿ ನಿಲ್ಲಿಸಿದ್ದಾರೆ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಗೆಳೆಯರೊಂದಿಗೆ ಹೋಗಿ ನೋಡಿದ್ದೆ. 1976ರಲ್ಲಿ ಸೇವೆಗೆ ಬಂದು 2005ರ ಮೇನಲ್ಲಿ ನಿವೃತ್ತವಾದ ದೋಣಿ. ಆದ್ದರಿಂದ ಕೆಲವರು ಹೇಳುವಂತೆ ಅದು 1971ರ ಯುದ್ಧದಲ್ಲಿ ಇರಲಿಲ್ಲ. ಕರಾಚಿಗೆ ಹೋದ ದೋಣಿಗಳ ಸುಧಾರಿತ ತಮ್ಮ. ಹಿಂದೆ ಮುಂದೆ ಗುಮ್ಮಟದಂಥ ಎರಡು ಗೋಪುರ, ಒಂದೊಂದರಲ್ಲಿ ಮೂವತ್ತು ಮಿಲಿಮೀಟರಿನ ಎರಡೆರಡು ಸಣ್ಣ ತೋಪು. ಅದರ ಒಂದು ಗುಂಡು ಅರ್ಧ ಕಿಲೋ ಕೂಡ ತೂಗುವುದಿಲ್ಲ. ಒಳಗೆ ನಾವಿಕರ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ಬಂದವರೆಲ್ಲ ದೊಡ್ಡ ತೋಪು ಎಲ್ಲಿ ಎಂದು ಹುಡುಕುತ್ತಾರೆ, ನಾನೂ ಹುಡುಕಿದ್ದೆ. ಇಕ್ಕೆಲದಲ್ಲಿ ದೊಡ್ಡ ಪೀಪಾಯಿಗಳಂತೆ ಕುಳಿತಿರುವ ಕ್ಷಿಪಣಿಯ ಗೂಡುಗಳೇ ಉತ್ತರ ಎಂದು ಆಗ ಹೊಳೆದಿರಲಿಲ್ಲ. ಮೈಸೂರಿನಂಥ ಹಡಗುಗಳನ್ನು ಮನೆಗೆ ಕಳಿಸಿದ್ದು ಇಂಥ ಗೂಡುಗಳು.

ಚಪಲ್ ನಿವೃತ್ತವಾದ ಅದೇ ತಿಂಗಳ ಕೊನೆಗೆ, 2005ರ ಮೇ 31ರಂದು, ಕಾರವಾರದ ದಕ್ಷಿಣಕ್ಕೆ ‘ಕದಂಬ’ ನೌಕಾನೆಲೆ ಆರಂಭವಾಯಿತು. ಅದರ ಅಲೆತಡೆ ಗೋಡೆ ಅಂಜದೀವವನ್ನು ಮುಖ್ಯ ನೆಲಕ್ಕೆ ಜೋಡಿಸಿದೆ. 1961ರಲ್ಲಿ ದೋಣಿಯಲ್ಲಿ ಹೋಗಿ ಗುಂಡಿಗೆ ಎದೆಯೊಡ್ಡಿದ ದ್ವೀಪಕ್ಕೆ ಈಗ ಕಲ್ಲಿನ ದಾರಿಯಿದೆ.

ಮೈಸೂರು ಎಂಬ ಹೆಸರು ನೌಕಾಪಡೆಯಲ್ಲಿ ನಿಂತುಹೋಗಲಿಲ್ಲ. ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಎರಡನೆಯ ಐಎನ್‌ಎಸ್ ಮೈಸೂರು, ಒಂದು ಡೆಸ್ಟ್ರಾಯರ್, 1999ರ ಜೂನ್ 2ರಂದು ಸೇವೆಗೆ ಬಂತು. ಅದೇ ಗಂಡಭೇರುಂಡ, ಅದೇ ಧ್ಯೇಯವಾಕ್ಯ. ಮುಂಭಾಗದಲ್ಲಿ ನೂರು ಮಿಲಿಮೀಟರಿನ ಒಂದೇ ಒಂದು ನಳಿಗೆಯ ತೋಪು. ಉಳಿದ ಕೆಲಸ ಕ್ಷಿಪಣಿಗಳದ್ದು. ಮೊದಲನೆಯ ಮೈಸೂರು ಭಾರತದ ಪತಾಕೆಯ ಕೆಳಗೆ ದುಡಿದದ್ದು ಇಪ್ಪತ್ತೆಂಟು ವರ್ಷ. ಎರಡನೆಯದಕ್ಕೆ ಇಪ್ಪತ್ತೆಂಟು ತುಂಬುವುದು 2027ರ ಜೂನ್ 2ಕ್ಕೆ.